ಮರಳಿನಲ್ಲಿ ಹೂತಿಟ್ಟ ಕಾರು

ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಹೇಳಿಕೊಡಲು ತೊಡಗಿ ನನಗೆ ಮೂವತ್ತು ವರ್ಷಗಳಾಗುತ್ತ ಬಂದುವು. ಪ್ರತಿ ವರ್ಷ ಶಾಲೆ ತೆರೆದ ಹೊಸದರಲ್ಲಿ ಎಂಟನೆಯ ತರಗತಿಗೆ ‘ಆಧಾರಗಳು’ ಎಂಬ ಪಾಠ ಮಾಡುತ್ತೇನೆ. ಶಾಸನ, ನಾಣ್ಯ, ಮಡಕೆಯ ಚೂರು, ಹಳೆಯ ಕಟ್ಟಡ, ಇವೆಲ್ಲ ಇತಿಹಾಸಕ್ಕೆ ಆಧಾರಗಳು ಎಂದು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳು ಬರೆದುಕೊಂಡರೆಂದು ನೋಡಿ, ಅಳಿಸಿ ಮುಂದೆ ಹೋಗುತ್ತಿದ್ದೆ. ಆಧಾರ ಎಂದರೇನೆಂದು ನನಗೇ ತಿಳಿದದ್ದು ಮಾತ್ರ ಶಾಸನದಿಂದಲ್ಲ. ನಮ್ಮ ಮನೆಯ ಕೊಟ್ಟಿಗೆಯಲ್ಲಿದ್ದ ಒಂದು ತುಕ್ಕು ಹಿಡಿದ ಕಾರಿನಿಂದ, ಮತ್ತು ನಾನು ಎಂದೂ ಕಾಣದ ನಾಡಿನ ಸಮುದ್ರತೀರದಲ್ಲಿ ಹೂತಿಟ್ಟಿದ್ದ ಇನ್ನೊಂದು ಕಾರಿನಿಂದ.

1993ರಲ್ಲಿ ಮದುವೆಯಾಗಿ ನಾನು ಕಡೂರಿನ ಈ ಮನೆಗೆ ಬಂದೆ. ಹಿತ್ತಲಲ್ಲಿ ಬಾವಿ, ಅದರಾಚೆ ಕೊಟ್ಟಿಗೆ. ಕೊಟ್ಟಿಗೆಯ ಒಂದು ತುದಿಯಲ್ಲಿ ಎರಡು ಹಸು. ಇನ್ನೊಂದು ತುದಿಯಲ್ಲಿ ತೆಂಗಿನ ಗರಿ, ಟಾರ್ಪಾಲು ಹೊದಿಸಿದ ಏನೋ ಒಂದು ದೊಡ್ಡ ಗುಡ್ಡೆ. ಅದೇನೆಂದು ಕೇಳಿದರೆ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಪಕ್ಕದ ಮನೆಯಾಕೆ ಬಾವಿಕಟ್ಟೆಯ ಹತ್ತಿರ ಪಿಸುಮಾತಿನಲ್ಲಿ ಹೇಳಿದರು. ಅದು ನಮ್ಮವರ ಅಣ್ಣನ ಕಾರು. ಎರಡು ಬಾಗಿಲಿನ ಚೆಂದದ ಪುಟ್ಟ ಕಾರಂತೆ. 1981ರಲ್ಲಿ ಒಂದು ಸಂಜೆ ಚಿಕ್ಕಮಗಳೂರಿನಿಂದ ಬರುತ್ತಿದ್ದಾಗ ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿತು. ಭಾವನವರಿಗೆ ಆಗ 26 ವರ್ಷ.

ಮಾವನವರು ಆ ಕಾರನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು ಕೊಟ್ಟಿಗೆಗೆ ತಳ್ಳಿಸಿದರಂತೆ. ರಿಪೇರಿ ಮಾಡಿಸಲಿಲ್ಲ, ಗುಜರಿಗೂ ಕೊಡಲಿಲ್ಲ. “ವೇಗದ ಹುಚ್ಚು, ಹೇಳಿದ ಮಾತು ಕೇಳಲಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತ, 1990ರಲ್ಲಿ ಅದೇ ಕೊರಗಿನಲ್ಲಿ ತೀರಿಕೊಂಡರು. ಊರೂ ಹಾಗೆಯೇ ಹೇಳಿತು. ಅತ್ತೆಯವರು ಹಸುವಿಗೆ ಹುಲ್ಲು ಹಾಕಲು ಹೋದರೆ ಆ ಕಡೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದರು.

1999ರ ಬೇಸಗೆಯಲ್ಲಿ ಒಂದು ಭಾನುವಾರ ನಮ್ಮವರು ಆ ಟಾರ್ಪಾಲು ತೆಗೆದರು. ಬ್ಯಾಂಕಿನಲ್ಲಿ ಗುಮಾಸ್ತರಾದ ಅವರಿಗೆ ಚಿಕ್ಕಂದಿನಿಂದ ಯಂತ್ರಗಳೆಂದರೆ ಪ್ರಾಣ. “ಬಿಚ್ಚಿ ನೋಡ್ತೀನಿ, ಆದರೆ ಸರಿ ಮಾಡ್ತೀನಿ” ಎಂದರು. ಅತ್ತೆಯವರು, “ಬೇಡ ಕಣೋ. ಮಲಗಿದ್ದು ಮಲಗಿರಲಿ” ಎಂದವರು ಎರಡು ದಿನ ಮಗನೊಂದಿಗೆ ಮಾತಾಡಲಿಲ್ಲ. ನಾನೂ ಅತ್ತೆಯ ಪರವೇ. ಮಕ್ಕಳಿಬ್ಬರ ಶಾಲೆಯ ಖರ್ಚು, ಮನೆಯ ಸಾಲ, ಇದರ ನಡುವೆ ಈ ಅಪಶಕುನದ ಕಬ್ಬಿಣಕ್ಕೆ ದುಡ್ಡು ಸುರಿಯುವುದೆ? ಸೀಮೆಎಣ್ಣೆಯ ವಾಸನೆ, ಒಗೆದರೂ ಹೋಗದ ಗ್ರೀಸಿನ ಕಲೆ, ಉಪ್ಪುಕಾಗದ ತಿಕ್ಕುವ ಸದ್ದು. ಭಾನುವಾರ ಎಂದರೆ ನನಗೆ ಇವೇ ಆಗಿಹೋದುವು.

ಮೂರು ವರ್ಷಗಳಾದ ಮೇಲೆ ಅವರು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ಹಳೆಯ ಕಾರುಗಳ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ತಂದರು. ರಾತ್ರಿ ಊಟವಾದ ಮೇಲೆ ಒಂದು ಅಧ್ಯಾಯ ತೆರೆದು ನನ್ನ ಮುಂದಿಟ್ಟರು. “ನೀನು ಇತಿಹಾಸದ ಮೇಷ್ಟರಲ್ಲವೆ, ಇದನ್ನು ಓದು” ಎಂದರು. ನಿದ್ದೆಗಣ್ಣಿನಲ್ಲಿ ಓದಲು ಕುಳಿತವಳು ಮುಗಿಸಿಯೇ ಎದ್ದೆ. ಅದು ‘ಬಾಬ್ಸ್’ ಎಂಬ ಕಾರಿನ ಕಥೆ.

ಆ ಕಾರನ್ನು ಮೊದಲು ಕಟ್ಟಿಸಿದವನು ಲೂಯಿ ಜ಼್ಬೊರೋವ್‌ಸ್ಕಿ ಎಂಬ ಇಂಗ್ಲೆಂಡಿನ ಸಿರಿವಂತ ಯುವಕ. ಕ್ಯಾಂಟರ್‌ಬರಿ ಬಳಿಯ ಹೈಯಮ್ ಎಂಬ ಎಸ್ಟೇಟಿನಲ್ಲಿ ಅವನ ಮನೆ. ಮೊದಲ ಮಹಾಯುದ್ಧದ ಕಾಲದ ವಿಮಾನದ ಎಂಜಿನ್‌ಗಳನ್ನು ಕಾರಿಗೆ ಕೂರಿಸುವುದು ಅವನ ಹುಚ್ಚು. ಅವನ ಹಿಂದಿನ ಕಾರುಗಳ ಹೆಸರು ‘ಚಿಟ್ಟಿ ಬ್ಯಾಂಗ್ ಬ್ಯಾಂಗ್’. ಇಯಾನ್ ಫ್ಲೆಮಿಂಗ್ ಮುಂದೆ 1964ರಲ್ಲಿ ಮಕ್ಕಳಿಗಾಗಿ ಬರೆದ ಹಾರುವ ಕಾರಿನ ಕಥೆಗೆ ಆ ಕಾರುಗಳೇ ಸ್ಫೂರ್ತಿ. ಈ ಹೊಸ ಕಾರಿಗೆ ಅವನು ಹಾಕಿಸಿದ್ದು ‘ಲಿಬರ್ಟಿ’ ಎಂಬ ಅಮೆರಿಕದ ವಿಮಾನದ ಎಂಜಿನ್: 12 ಸಿಲಿಂಡರು, 27 ಲೀಟರು. ನಮ್ಮ ಬೀದಿಗಳಲ್ಲಿ ಓಡಾಡುವ ಸಣ್ಣ ಕಾರಿನ ಎಂಜಿನ್ ಸುಮಾರು ಒಂದು ಲೀಟರು ಎಂದರೆ ಅದರ ಗಾತ್ರ ಊಹಿಸಿಕೊಳ್ಳಿ. ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುತ್ತಿದ್ದುದು ಸೈಕಲ್ಲಿನಂತೆ ಚೈನುಗಳ ಮೂಲಕ. ಆದರೆ 1924ರಲ್ಲಿ ಇಟಲಿಯ ಮೊಂಜಾದಲ್ಲಿ ಬೇರೊಂದು ಕಾರಿನಲ್ಲಿ ಪಂದ್ಯಕ್ಕಿಳಿದ ಜ಼್ಬೊರೋವ್‌ಸ್ಕಿ ಅಪಘಾತದಲ್ಲಿ ತೀರಿಕೊಂಡ.

ಒಡೆಯನಿಲ್ಲದ ಆ ಕಾರನ್ನು 125 ಪೌಂಡು ಕೊಟ್ಟು ಕೊಂಡವನು ಜಾನ್ ಪ್ಯಾರಿ ಥಾಮಸ್. ವೇಲ್ಸ್ ಸೀಮೆಯ ರೆಕ್ಸಮ್‌ನಲ್ಲಿ 1884ರಲ್ಲಿ ಹುಟ್ಟಿದವನು. ಲೇಲ್ಯಾಂಡ್ ಕಂಪನಿಯಲ್ಲಿ ಮುಖ್ಯ ಎಂಜಿನಿಯರಾಗಿದ್ದವನು, ಕಾರಿನ ಓಟವೇ ಬೇಕೆಂದು ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿನ ಪಂದ್ಯದ ಹಾದಿಯ ಬಳಿಯೇ ಮನೆ ಮಾಡಿದ. ಸಿರಿವಂತನ ಶೋಕಿ ಅವನದಲ್ಲ, ಕುಶಲಕರ್ಮಿಯ ಛಲ. ತಾನೇ ಪಿಸ್ಟನ್ ವಿನ್ಯಾಸ ಮಾಡಿ, ನಾಲ್ಕು ಕಾರ್ಬ್ಯುರೇಟರ್ ಜೋಡಿಸಿ, ಕಾರನ್ನು ಹೊಸದಾಗಿ ಕಟ್ಟಿ ಬಾಬ್ಸ್ ಎಂದು ಹೆಸರಿಟ್ಟ.

ವೇಲ್ಸ್‌ನ ದಕ್ಷಿಣ ತೀರದಲ್ಲಿ ಪೆಂಡೈನ್ ಎಂಬ ಹಳ್ಳಿಯಿದೆ. ಸಮುದ್ರದ ಇಳಿತವಾದಾಗ ಅಲ್ಲಿ ಮೈಲಿಗಟ್ಟಲೆ ಉದ್ದದ ಸಮತಟ್ಟಾದ ಮರಳು ಗಟ್ಟಿಯಾಗಿ ತೆರೆದುಕೊಳ್ಳುತ್ತದೆ. ಅಂಥ ವೇಗಕ್ಕೆ ತಕ್ಕ ರಸ್ತೆಗಳು ಆಗ ಇರಲಿಲ್ಲ. ಆದ್ದರಿಂದ ದಾಖಲೆಯ ಓಟಕ್ಕೆ ಮರಳೇ ಬೇಕು. 1926ರ ಏಪ್ರಿಲ್ 28ರಂದು ಅಲ್ಲಿ ಬಾಬ್ಸ್ ಗಂಟೆಗೆ 171.02 ಮೈಲಿ, ಎಂದರೆ 275 ಕಿಲೋಮೀಟರಿನಷ್ಟು ವೇಗದಲ್ಲಿ ಓಡಿ, ನೆಲದ ಮೇಲಿನ ವಿಶ್ವದಾಖಲೆ ಬರೆಯಿತು. 1927ರ ಫೆಬ್ರವರಿಯಲ್ಲಿ ಮಾಲ್ಕಮ್ ಕ್ಯಾಂಬೆಲ್ ಅದೇ ಮರಳಿನ ಮೇಲೆ 174 ಮೈಲಿ ದಾಟಿದ. ದಾಖಲೆಯನ್ನು ಮರಳಿ ಪಡೆಯಲೆಂದು ಥಾಮಸ್ ಬಂದದ್ದು ಅದೇ ವರ್ಷದ ಮಾರ್ಚ್ 3ರಂದು. ಓಟದ ನಡುವೆ ಬಾಬ್ಸ್ ಹಿಡಿತ ತಪ್ಪಿ ಉರುಳಿತು. ಥಾಮಸ್ ಅಲ್ಲಿಯೇ ಸತ್ತ. ಅವನಿಗೆ 42 ವರ್ಷ.

ಅವನ ದೇಹವನ್ನು ಬ್ರೂಕ್‌ಲ್ಯಾಂಡ್ಸ್ ಹತ್ತಿರದ ಬೈಫ್ಲೀಟ್ ಊರಿನ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಾರನ್ನು? ಪೆಂಡೈನ್‌ನ ಮರಳಿನಲ್ಲೇ ಗುಂಡಿ ತೋಡಿ ಹೂತುಬಿಟ್ಟರು. ಇದನ್ನು ಓದಿದಾಗ ನನ್ನ ಕಣ್ಣೆದುರು ಬಂದದ್ದು ನಮ್ಮ ಕೊಟ್ಟಿಗೆಯ ಟಾರ್ಪಾಲು. ದೇಶ ಬೇರೆ, ಕಾಲ ಬೇರೆ. ದುಃಖ ಮನುಷ್ಯರಿಂದ ಮಾಡಿಸುವ ಕೆಲಸ ಮಾತ್ರ ಒಂದೇ. ಕಣ್ಣಿಗೆ ಕಾಣದಂತೆ ಮುಚ್ಚಿಡುವುದು. ಆದರೆ ಲೋಕ ನಿಲ್ಲುತ್ತದೆಯೆ? ಅದೇ ಮಾರ್ಚ್ 29ರಂದು ಅಮೆರಿಕದ ಡೇಟೋನಾದಲ್ಲಿ ಹೆನ್ರಿ ಸೀಗ್ರೇವ್ 203 ಮೈಲಿ ದಾಟಿದ. ಥಾಮಸ್ ಯಾವುದಕ್ಕಾಗಿ ಪ್ರಾಣ ಕೊಟ್ಟನೋ ಆ ಅಂಕಿ ಒಂದು ತಿಂಗಳೊಳಗೆ ಹಳತಾಯಿತು.

ಒಂದು ಮಾತು ಮಾತ್ರ ಉಳಿದುಕೊಂಡಿತು. ಚೈನು ತುಂಡಾಗಿ ಬಂದು ಥಾಮಸ್‌ಗೆ ಬಡಿಯಿತು, ಅದರಿಂದಲೇ ಸಾವು ಎಂದು. ಪತ್ರಿಕೆಗಳು ಬರೆದವು, ಪುಸ್ತಕಗಳು ಬರೆದವು, ಜನ ಅದನ್ನೇ ನಂಬಿದರು. ಒಪ್ಪಬೇಕೆಂದರೂ ತಳ್ಳಿಹಾಕಬೇಕೆಂದರೂ ಸಾಕ್ಷಿ ಮರಳಿನ ಅಡಿಯಲ್ಲಿತ್ತು.

ನಲವತ್ತೆರಡು ವರ್ಷಗಳ ಮೇಲೆ, 1969ರಲ್ಲಿ, ಅದನ್ನು ಹೊರತೆಗೆದವರು ಓವೆನ್ ವಿನ್ ಓವೆನ್. ವೇಲ್ಸ್‌ನ ಉತ್ತರ ಭಾಗದ ಬ್ಯಾಂಗರ್ ಟೆಕ್ನಿಕಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಧ್ಯಾಪಕರು. ನನ್ನ ಹಾಗೆ ಸೀಮೆಸುಣ್ಣ ಹಿಡಿದವರು ಎಂದು ಓದಿದಾಗಲೇ ನನಗೆ ಅವರ ಮೇಲೆ ಅಭಿಮಾನ ಹುಟ್ಟಿತು. ಕಾರು ಹೂತಿದ್ದ ಜಾಗ ಆ ಹೊತ್ತಿಗೆ ಸೈನ್ಯದ ಕೈಯಲ್ಲಿತ್ತು, ಅನುಮತಿ ಬೇಕಿತ್ತು. ಸತ್ತವನ ನೆಮ್ಮದಿಯನ್ನು ಕೆದಕುವುದು ಬೇಡ, ಅದು ಸಮಾಧಿಯಿದ್ದಂತೆ ಎಂದವರೂ ಇದ್ದರು. ಥೇಟ್ ನಮ್ಮ ಅತ್ತೆಯವರ ಮಾತೇ!

ಮೇಲೆ ಬಂದ ಬಾಬ್ಸ್ ಹೇಗಿತ್ತೆಂದರೆ, ಅದನ್ನು ಕಾರೆಂದು ಕರೆಯಲು ಅಭಿಮಾನ ಬೇಕು. ಹೊರಮೈಯನ್ನು ಉಪ್ಪುನೀರು ತಿಂದುಹಾಕಿತ್ತು. ಓವೆನ್ ಆ ಅವಶೇಷವನ್ನು ಬೆಟ್ಟಗಳ ನಡುವಿನ ಕಪೆಲ್ ಕೂರಿಗ್ ಎಂಬ ತಮ್ಮ ಊರಿಗೆ ತಂದು ಬಿಚ್ಚತೊಡಗಿದರು. ತುಕ್ಕು ಕೆರೆಯುವುದು, ಉಳಿಯುವ ಭಾಗವನ್ನು ಉಳಿಸಿಕೊಳ್ಳುವುದು, ಉಳಿಯದ್ದನ್ನು ಅದರ ಅಳತೆಯಲ್ಲೇ ಹೊಸದಾಗಿ ಮಾಡುವುದು. ಪಾಠದ ಕೆಲಸ ಮುಗಿದ ಮೇಲಿನ ಹೊತ್ತು ಅದಕ್ಕೆ. ಹೀಗೆ ಸುಮಾರು ಹದಿನೈದು ವರ್ಷ! ಕೊನೆಗೆ ಅದೇ ಎಂಜಿನ್ ಮತ್ತೆ ಗುಡುಗಿತು. ಬಾಬ್ಸ್ ಪೆಂಡೈನ್‌ಗೇ ಮರಳಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಜನ ನೋಡುವಂತಾಯಿತು.

ಇಷ್ಟಾಗಿ ಚೈನಿನ ಕಥೆಯೇನಾಯಿತು? ಕಾರು ಹೊರಬಂದ ಮೇಲೆ ಆ ಮಾತು ಮೊದಲಿನಂತೆ ಗಟ್ಟಿಯಾಗಿ ಉಳಿಯಲಿಲ್ಲ. ಹಿಂದಿನ ಬಲಗಾಲಿ ಮೊದಲು ಮುರಿದಿರಬೇಕು, ಚೈನು ತುಂಡಾದದ್ದು ಅದರ ಪರಿಣಾಮವಿರಬಹುದು ಎಂಬ ವಾದ ಬಂತು. ಎಲ್ಲರೂ ಒಪ್ಪಿದ ತೀರ್ಪೇನೂ ಅಲ್ಲ. ಆದರೂ ನೋಡಿ, ನಲವತ್ತು ವರ್ಷ ಮುಚ್ಚಿಹೋಗಿದ್ದ ಪ್ರಶ್ನೆಯೊಂದು ಮತ್ತೆ ತೆರೆದುಕೊಂಡಿತು.

ಮಾರನೆಯ ದಿನ ಅತ್ತೆಯವರ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತ ಈ ಕಥೆಯನ್ನೆಲ್ಲ ಹೇಳಿದೆ. ನಡುವೆ ಒಂದು ಮಾತೂ ಆಡದೆ ಕೇಳಿದರು. ಕೊನೆಗೆ, “ಆ ಹುಡುಗನಿಗೆ ತಾಯಿ ಇದ್ದಳೇನೆ?” ಎಂದರು. ನಾನು ಒಳಗೆ ಹೋಗಿ ಪುಸ್ತಕ ತಿರುವಿ ಬಂದೆ. ವೇಗಗಳನ್ನು ದಶಮಾಂಶದವರೆಗೆ ಕೊಟ್ಟಿದ್ದರು; ತಾಯಿಯ ಮಾತು ಒಂದು ಸಾಲೂ ಇರಲಿಲ್ಲ. ಅತ್ತೆಯವರು ನಿಟ್ಟುಸಿರು ಬಿಟ್ಟು, “ಆ ಮೇಷ್ಟರು ಪುಣ್ಯವಂತರು” ಎಂದಷ್ಟೇ ಹೇಳಿ ಸೊಗಡಿನ ಕೈ ತೊಳೆಯಲು ಎದ್ದರು. ಅಂದಿನಿಂದ ಭಾನುವಾರದ ಮಧ್ಯಾಹ್ನ ಕೊಟ್ಟಿಗೆಗೆ ಒಂದು ಲೋಟ ಕಾಫಿ ಹೋಗತೊಡಗಿತು. ಕಳಿಸುತ್ತಿದ್ದವರು ಅವರೇ.

2004ರಲ್ಲಿ ನಮ್ಮವರು ಕಾರಿನ ಮುಂಭಾಗ ಬಿಚ್ಚುವಾಗ ಟೈ ರಾಡ್ ಎರಡು ತುಂಡಾಗಿರುವುದು ಕಂಡಿತು. ಸ್ಟೀರಿಂಗ್ ತಿರುಗಿಸಿದರೆ ಗಾಲಿ ತಿರುಗಬೇಕಲ್ಲ, ಅದಕ್ಕೆ ಬೇಕಾದ ಸರಳು ಅದು. ಗ್ರೀಸು ಮೆತ್ತಿಕೊಂಡಿದ್ದರಿಂದ ಮುರಿದ ಮುಖ ಅಷ್ಟಾಗಿ ತುಕ್ಕು ಹಿಡಿದಿರಲಿಲ್ಲ. ಅರ್ಧ ಭಾಗ ನುಣುಪಾಗಿ ಕಪ್ಪಗೆ, ಇನ್ನರ್ಧ ಬೆಲ್ಲದ ಉಂಡೆ ಒಡೆದಂತೆ ಒರಟಾಗಿ. ಲೇತ್ ಅಂಗಡಿಯ ಹಿರಿಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನುಣುಪಾಗಿರೋ ಭಾಗ ಮೊದಲೇ ಸೀಳು ಬಿಟ್ಟಿತ್ತು ಸಾರ್, ನಿಧಾನವಾಗಿ ಬಿಟ್ಟಿರೋದು. ಒರಟು ಭಾಗ ಆವತ್ತು ಮುರಿದದ್ದು. ಮುರಿದು ಗುದ್ದಿತೋ, ಗುದ್ದಿ ಮುರೀತೋ, ನಾನು ಹೇಳಲಾರೆ” ಎಂದರು.

ಅಂದು ಸಂಜೆ ನಮ್ಮವರು ಆ ಎರಡು ತುಂಡುಗಳನ್ನು ತಾಯಿಯ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಮಾಧಾನಕ್ಕೆಂದು ಒಂದು ಮಾತನ್ನೂ ಸೇರಿಸಲಿಲ್ಲ. ಅದು ನನಗೆ ಅವರ ಮೇಲೆ ಗೌರವ ಹೆಚ್ಚಿಸಿತು. ಅತ್ತೆಯವರು ನುಣುಪು ಭಾಗದ ಮೇಲೆ ಹೆಬ್ಬೆರಳು ಆಡಿಸುತ್ತ ಕುಳಿತರು. “ಹಾಗಾದರೆ ಅವನದೇ ತಪ್ಪು ಅಂತ ಹೇಳೋಕಾಗಲ್ಲ” ಎಂದರು. “ಹೇಳೋಕಾಗಲ್ಲಮ್ಮ” ಎಂದರು ಇವರು. “ನಿಮ್ಮಪ್ಪ ಇದ್ದಿದ್ದರೆ” ಎಂದು ಶುರು ಮಾಡಿದವರು ಮುಂದೆ ಹೇಳಲಿಲ್ಲ. ಇಪ್ಪತ್ತಮೂರು ವರ್ಷ ಆ ಮನೆಯಲ್ಲಿ ಯಾರೂ ಭಾವನವರ ಹೆಸರೆತ್ತಿರಲಿಲ್ಲ. ಆ ರಾತ್ರಿ ಅತ್ತೆಯವರು ನನ್ನ ಮಕ್ಕಳಿಗೆ ಅವರ ದೊಡ್ಡಪ್ಪ ಚಿಕ್ಕವನಿದ್ದಾಗ ಬಾವಿಗೆ ಕೊಡ ಬೀಳಿಸಿದ ಕಥೆ ಹೇಳಿ ನಕ್ಕರು.

ಕಾರು ಮುಗಿದದ್ದು 2014ರಲ್ಲಿ. ಓವೆನ್ ಅವರಿಗೆ ಹಿಡಿದಷ್ಟೇ ಹದಿನೈದು ವರ್ಷ. ಆದರೆ ನಮ್ಮದು ಅವರದಕ್ಕೆ ಹೋಲಿಸಿದರೆ ಆಟಿಕೆ. ಖರ್ಚಿನ ಲೆಕ್ಕ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ವರ್ಷದ ಆಯುಧಪೂಜೆಯ ದಿನ ಅತ್ತೆಯವರು ಕೋಲೂರಿಕೊಂಡು ಹಿತ್ತಲಿಗೆ ಬಂದು, ಕಾರಿನ ಮೂತಿಗೆ ತಾವೇ ಅರಿಶಿನ ಕುಂಕುಮ ಹಚ್ಚಿದರು. ಹತ್ತಿಕೊಳ್ಳಿ ಎಂದರೆ ಒಪ್ಪಲಿಲ್ಲ. “ಚೆನ್ನಾಗಿದೆ ಅವನ ಕಾರು” ಎಂದು ಬಾಗಿಲನ್ನು ಸವರಿ ಒಳಗೆ ಹೋದರು.

ಅವರು 2017ರಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಟ್ರಂಕು ತೆಗೆದೆ. ಧಾರೆ ಸೀರೆಯ ಮಡಿಕೆಯಲ್ಲಿ ಭಾವನವರ ಜಾತಕ, ಒಂದು ಫೋಟೊ, ಮತ್ತು ಬಿಳಿ ಕರವಸ್ತ್ರದಲ್ಲಿ ಸುತ್ತಿದ ಆ ಸರಳಿನ ಎರಡು ತುಂಡುಗಳು.

ಈಗ ‘ಆಧಾರಗಳು’ ಪಾಠದ ದಿನ ಆ ಕರವಸ್ತ್ರವನ್ನು ತರಗತಿಗೆ ಒಯ್ಯುತ್ತೇನೆ. ಯಾರ ಕಾರಿನದೆಂದು ಹೇಳುವುದಿಲ್ಲ. ತುಂಡುಗಳನ್ನು ಕೈಯಿಂದ ಕೈಗೆ ದಾಟಿಸಲು ಹೇಳಿ, “ಮುರಿದದ್ದು ಮೊದಲೋ, ಗುದ್ದಿದ್ದು ಮೊದಲೋ?” ಎಂದು ಕೇಳುತ್ತೇನೆ. ಹಿಂದಿನ ಬೆಂಚಿನವರೂ ಎದ್ದು ನಿಂತು ವಾದ ಮಾಡುತ್ತಾರೆ. ಯಾರಾದರೊಬ್ಬರು, “ಉತ್ತರ ಯಾವುದು ಮಿಸ್?” ಎಂದು ಕೇಳಿಯೇ ಕೇಳುತ್ತಾರೆ. “ಇನ್ನೊಂದು ಸಲ ಸರಿಯಾಗಿ ನೋಡಿ” ಎನ್ನುತ್ತೇನೆ.