ಹಂದಿಮರಿಯ ಕಳೇಬರ ಕಲಿಸಿದ ಪಾಠ

ರಸ್ತೆಬದಿಯಲ್ಲಿ ಸತ್ತ ಪ್ರಾಣಿ ಬಿದ್ದಿದ್ದರೆ ನಾವು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಅದಕ್ಕೆ ಮುತ್ತಿದ ನೊಣಗಳನ್ನು ಎಣಿಸುತ್ತ ಯಾರಾದರೂ ಕುಳಿತಿದ್ದರೆ ತಲೆಕೆಟ್ಟವರೆಂದೇ ಭಾವಿಸಿಯೇವು. ಆದರೆ ಸಾವು ಸಂಭವಿಸಿ ಎಷ್ಟು ದಿನವಾಯಿತೆಂದು ನ್ಯಾಯಾಲಯಕ್ಕೆ ತಿಳಿಸಲು ನೆರವಾಗುವ ವಿಧಿವಿಜ್ಞಾನ ಕೀಟಶಾಸ್ತ್ರ ಬೆಳೆದದ್ದು ಇಂಥ ಎಣಿಕೆಯಿಂದಲೇ.

ಎಣಿಕೆಗೆ ಮೊದಲು ಊಹೆಯಿತ್ತು. 1850ರಲ್ಲಿ ಫ್ರಾನ್ಸಿನ ಆರ್ಬ್ವಾ ಪಟ್ಟಣದ ಮನೆಯೊಂದನ್ನು ದುರಸ್ತಿ ಮಾಡುವಾಗ ನವಜಾತ ಶಿಶುವಿನ ಒಣಗಿದ ಶವ ಸಿಕ್ಕಿತು. ಶಂಕೆ ಅಲ್ಲಿ ವಾಸವಿದ್ದ ದಂಪತಿಗಳ ಮೇಲೆ. ವೈದ್ಯ ಬೆರ್ಜೆರೆ ಶವದಲ್ಲಿದ್ದ ಕೀಟಗಳ ಕುರುಹುಗಳನ್ನು ಪರೀಕ್ಷಿಸಿ, ಮಗು ಸತ್ತದ್ದು 1848ರಲ್ಲಿ ಎಂದರು. ಶಂಕೆ ಹಿಂದಿನ ಬಾಡಿಗೆದಾರರತ್ತ ತಿರುಗಿತು. ಆದರೆ ಮೊಟ್ಟೆ ನೊಣವಾಗಲು ಒಂದು ವರ್ಷ ಬೇಕೆಂದು ಅವರು ನಂಬಿದ್ದರು! ಬೇಸಿಗೆಯಲ್ಲಿ ಅದಕ್ಕೆ ಕೆಲವೇ ವಾರ ಸಾಕು. ಇಂಥ ಲೆಕ್ಕದ ಮೇಲೆ ಯಾರದೋ ಕೈಗೆ ಬೇಡಿ ಬೀಳಬಹುದಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

1894ರಲ್ಲಿ ಮೆನ್ಯಾಂ ಎಂಬ ಫ್ರೆಂಚ್ ಪಶುವೈದ್ಯರು ಶವಕ್ಕೆ ಕೀಟಗಳು ಎಂಟು ಅಲೆಗಳಾಗಿ ಬರುತ್ತವೆಂದು ಬರೆದರು. ಅಳತೆಯ ಆಧಾರ ಇನ್ನೂ ಬೇಕಿತ್ತು.

ಅದನ್ನು ಒದಗಿಸಿದವರಲ್ಲಿ ಅಮೆರಿಕದ ಕ್ಲೆಮ್ಸನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜೆರ‍್ರಿ ಪೇನ್ ಮುಖ್ಯರು. ಅವರ ಉಪಾಯ ಸರಳ. ಸತ್ತ ಹಂದಿಮರಿಗಳಲ್ಲಿ ಕೆಲವನ್ನು ಕೀಟಗಳಿಗೆ ತೆರೆದಿಟ್ಟರು. ಕೆಲವಕ್ಕೆ ಕೀಟ ಸೋಕದಂತೆ ತಡೆ ಹಾಕಿದರು. ಬೇಸಿಗೆಯಲ್ಲಿ ತೆರೆದಿಟ್ಟ ಕಳೇಬರದ ಶೇಕಡಾ 90 ಭಾಗ 6 ದಿನಗಳಲ್ಲಿ ಮಾಯ! ತಡೆಯೊಳಗಿನದು ನಿಧಾನವಾಗಿ ಒಣಗಿ, ತಿಂಗಳುಗಟ್ಟಲೆ ಆಕಾರ ಉಳಿಸಿಕೊಂಡಿತು. ಅಲ್ಲಿಗೆ ಬಂದ 522 ಜಾತಿಯ ಜೀವಿಗಳನ್ನು ಅವರು ದಾಖಲಿಸಿದರು. 1965ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಮುಚ್ಚಿದ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಶವವನ್ನು ಊಹಿಸಿಕೊಳ್ಳಿ. ಕೀಟದ ಗಡಿಯಾರ ಓಡತೊಡಗುವುದು ಸಾವಿನ ಗಳಿಗೆಯಿಂದಲ್ಲ, ನೊಣ ಮೊಟ್ಟೆಯಿಟ್ಟ ಗಳಿಗೆಯಿಂದ. ಈ ವ್ಯತ್ಯಾಸ ಮರೆತರೆ ನಿರಪರಾಧಿಗೆ ಕೇಡು.

ಈ ಶಾಸ್ತ್ರ ಕಲಿಯುವವರು ಇಂದಿಗೂ ಹೆಚ್ಚಾಗಿ ಹಂದಿಯ ಕಳೇಬರವನ್ನೇ ಬಳಸುತ್ತಾರೆ. ಅದರ ಚರ್ಮಕ್ಕೆ ದಟ್ಟ ರೋಮವಿಲ್ಲ, ಒಳರಚನೆಯೂ ನಮ್ಮದನ್ನು ಹೋಲುತ್ತದೆ. ವಾಸನೆಗೆ ಒಗ್ಗಿಕೊಳ್ಳುವುದೇ ಮೊದಲ ಪರೀಕ್ಷೆಯೆನ್ನಿ! ಆಮೇಲೆ ದಿನದಿನದ ಉಷ್ಣತೆ ಬರೆದಿಡಬೇಕು, ಏಕೆಂದರೆ ಬಿಸಿಯಲ್ಲಿ ಮರಿಹುಳು ಬೇಗ ಬೆಳೆಯುತ್ತದೆ, ಚಳಿಯಲ್ಲಿ ತಡವಾಗಿ. ಹೆಕ್ಕಿದ ಹುಳುಗಳಲ್ಲಿ ಒಂದು ಪಾಲನ್ನು ಬಿಸಿನೀರಿನಲ್ಲಿ ಕೊಂದು ಮದ್ಯಸಾರದಲ್ಲಿಡುತ್ತಾರೆ. ಉಳಿದವಕ್ಕೆ ಈಲಿಯ ತುಂಡು ತಿನ್ನಿಸಿ ಸಾಕುತ್ತಾರೆ. ಮರಿಹುಳುಗಳು ನೋಡಲು ಒಂದೇ ಬಗೆ. ರೆಕ್ಕೆ ಬಂದ ಮೇಲೆ ಜಾತಿ ಗುರುತಿಸುವುದು ಸುಲಭ. ಜಾತಿ ತಿಳಿದರೆ, ಬರೆದಿಟ್ಟ ಉಷ್ಣತೆಯ ನೆರವಿನಿಂದ, ಮೊಟ್ಟೆಯಿಟ್ಟ ದಿನದವರೆಗೆ ಹಿಂದಕ್ಕೆ ಎಣಿಸಬಹುದು.