ದಂಡು–ಪೇಟೆಗಳ ಪೌರಾಡಳಿತದ ವಿಲೀನ: 1949ರ ಕಾಯಿದೆ ಮತ್ತು ಅದರ ಪೂರ್ವೋತ್ತರಗಳು

ಇಂಗ್ಲೆಂಡಿನ ನಗರಗಳಿಗೆ ಅರಸರು ಸನದು ನೀಡುತ್ತಿದ್ದರು. ಅದೇ ಮಾದರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ 1687ರ ಸನದಿನ ಆಧಾರದ ಮೇಲೆ ಮದರಾಸಿನ ಕಾರ್ಪೊರೇಷನ್ 1688ರಲ್ಲಿ ಅಸ್ತಿತ್ವಕ್ಕೆ ಬಂದಿತು. ಬೆಂಗಳೂರಿಗೆ ಇಂತಹ ಸನದು ಎಂದೂ ದೊರೆಯಲಿಲ್ಲ. ಈ ನಗರದ ಪೌರಾಡಳಿತವು ಕಾಯಿದೆಯಿಂದ ಕಾಯಿದೆಗೆ ದಾಟುತ್ತ ಬಂದಿದೆ. ಈ ದಾಟುವಿಕೆಗಳಲ್ಲಿ ಅತ್ಯಂತ ಮಹತ್ತ್ವದ್ದು 1949ರಲ್ಲಿ ದಂಡು ಮತ್ತು ಪೇಟೆಗಳ ಎರಡು ಪೌರಸಭೆಗಳು ಒಂದೇ ಕಾರ್ಪೊರೇಷನ್ ಆದದ್ದು. ಈ ಘಟನೆಯನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಹಳೆಯ ಕಾಯಿದೆ ಮುಗಿದು ಹೊಸ ಕಾಯಿದೆ ನೆಲೆಗೊಳ್ಳುವ ನಡುವಿನ ಅವಧಿಯಲ್ಲಿ ಏನು ಮುಂದುವರಿಯಿತು, ಏನು ತಡವಾಯಿತು ಎಂಬುದನ್ನು ಗಮನಿಸಿದಾಗ, ನಗರದ ಪೂರ್ವಭಾಗದ ಅನಂತರದ ಚರಿತ್ರೆಯೂ ಬೇರೆ ಬೆಳಕಿನಲ್ಲಿ ಕಾಣುತ್ತದೆ.

1809ರಲ್ಲಿ ಶ್ರೀರಂಗಪಟ್ಟಣದ ಸೇನಾನೆಲೆಯನ್ನು ಬ್ರಿಟಿಷರು ಬೆಂಗಳೂರಿಗೆ ವರ್ಗಾಯಿಸಿದಾಗ ಹಲಸೂರು ಕೆರೆಯ ಆಸುಪಾಸಿನಲ್ಲಿ ದಂಡು ಬೆಳೆಯತೊಡಗಿತು. 1862ರಲ್ಲಿ, 1850ರ 26ನೆಯ ಕಾಯಿದೆಯ ಅನ್ವಯ, ಪೇಟೆಗೂ ದಂಡಿಗೂ ಪೌರಮಂಡಳಿಗಳು ರಚಿತವಾದವು. ಆಗ ಮೈಸೂರು ಸಂಸ್ಥಾನವು ಕಮಿಷನರರ ಆಡಳಿತದಲ್ಲಿದ್ದುದರಿಂದ ಎರಡು ಮಂಡಳಿಗಳೂ ಅಂತಿಮವಾಗಿ ಒಂದೇ ಅಧಿಕಾರಕ್ಕೆ ಒಳಪಟ್ಟಿದ್ದವು. 1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗ ಈ ಸ್ಥಿತಿ ಬದಲಾಯಿತು. ದಂಡುಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ರೆಸಿಡೆಂಟರ ಅಧೀನದಲ್ಲಿ ಉಳಿಯಿತು. ಪೇಟೆಯು ಮೈಸೂರು ಸರ್ಕಾರಕ್ಕೆ ಸೇರಿತು. ನೆಲದ ಮೇಲಣ ಒಡೆತನ ಮಹಾರಾಜರದು, ಆಡಳಿತಾಧಿಕಾರ ಬ್ರಿಟಿಷರದು. ಕಬ್ಬನ್ ಪಾರ್ಕಿನ ಆಚೆಗೊಂದು ಕಾನೂನು, ಈಚೆಗೊಂದು ಕಾನೂನು.

ಸ್ಟೇಷನ್ನಿನ ಪೌರಸಭೆಯನ್ನು 1883ರ ವೇಳೆಗೆ ಆರು ವಿಭಾಗಗಳಾಗಿ ವಿಂಗಡಿಸಲಾಗಿತ್ತು: ಹಲಸೂರು, ದಕ್ಷಿಣ ವಿಭಾಗ, ಪೂರ್ವ ಜನರಲ್ ಬಜಾರ್, ಪಶ್ಚಿಮ ಜನರಲ್ ಬಜಾರ್, ಕ್ಲೀವ್‌ಲ್ಯಾಂಡ್ ಟೌನ್ ಮತ್ತು ಹೈ ಗ್ರೌಂಡ್. ಅದೇ ವರ್ಷ ಉದ್ಘಾಟನೆಗೊಂಡ ಮೇಯೊ ಹಾಲ್ ಕಟ್ಟಡದಲ್ಲಿ ಈ ಪೌರಸಭೆಯ ಕಚೇರಿಗಳಿದ್ದವು. ಎರಡು ಆಡಳಿತಗಳ ಅಂತರವು 1898ರ ಪ್ಲೇಗ್ ಪಿಡುಗಿನ ಪರಿಣಾಮಗಳಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಇಕ್ಕಟ್ಟಾದ ಓಣಿಗಳಿಂದ ಜನರನ್ನು ಹೊರಗೆ ನೆಲೆಗೊಳಿಸಲು ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡರೆ, ಸ್ಟೇಷನ್ನಿನಲ್ಲಿ 1906ರಿಂದ ಫ್ರೇಜರ್ ಟೌನ್ ಬಡಾವಣೆಯ ನಿರ್ಮಾಣ ನಡೆಯಿತು. ರೋಗ ಒಂದೇ, ಯೋಜನೆಗಳು ಎರಡು. ಇಂದು ಈ ಬಡಾವಣೆಗಳ ರಸ್ತೆಗಳು ಪರಸ್ಪರ ಹೊಂದಿಕೊಳ್ಳದಿರುವುದಕ್ಕೆ ಭೂಲಕ್ಷಣಕ್ಕಿಂತ ಈ ಇಬ್ಬಗೆಯ ಆಡಳಿತವೇ ಹೆಚ್ಚಿನ ಕಾರಣವೆಂದು ತೋರುತ್ತದೆ.

ಸ್ಟೇಷನ್ನನ್ನು ಮೈಸೂರಿಗೆ ಹಿಂದಿರುಗಿಸುವ ಮಾತುಕತೆ 1930ರ ದಶಕದಲ್ಲಿಯೇ ನಡೆದಿತ್ತು. ಅಲ್ಲಿನ ನಿವಾಸಿಗಳಲ್ಲಿ ಹಲವರು ಇದನ್ನು ಒಪ್ಪಿರಲಿಲ್ಲ. ತಮಿಳು, ಉರ್ದು, ಇಂಗ್ಲಿಷ್ ಮಾತನಾಡುವ ವರ್ತಕರು, ಕೈಕಸುಬಿನವರು, ನಿವೃತ್ತ ಸೈನಿಕರು ಹಾಗೂ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಮೈಸೂರಿನ ಆಡಳಿತವು ಅಪರಿಚಿತವಾಗಿತ್ತು. ಈ ಹಿಂಜರಿಕೆಯನ್ನು ಕೇವಲ ಪರಕೀಯ ನಿಷ್ಠೆ ಎಂದು ಬಗೆಯುವುದು ಉಚಿತವಲ್ಲ. ತಮ್ಮ ಪರವಾನಗಿ, ತೆರಿಗೆ, ಉದ್ಯೋಗಗಳ ಗತಿ ಏನಾದೀತೆಂಬ ಆತಂಕವೂ ಅದರಲ್ಲಿ ಸೇರಿತ್ತೆಂದು ಭಾವಿಸಲು ಅವಕಾಶವಿದೆ.

ಕೊನೆಗೆ ಹಸ್ತಾಂತರವು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ 20 ದಿನ ಮುಂಚೆ, ನೆರವೇರಿತು. ಆ ದಿನ ಸ್ಟೇಷನ್ನಿನ ಒಡೆತನದ ಪ್ರಶ್ನೆ ಇತ್ಯರ್ಥವಾಯಿತಾದರೂ ಅದರ ಪೌರಾಡಳಿತದ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಪೇಟೆಯ ಪೌರಸಭೆಯು ಮೈಸೂರಿನ 1933ರ ನಗರ ಪೌರಸಭೆಗಳ ಕಾಯಿದೆಗೆ ಒಳಪಟ್ಟಿದ್ದರೆ, ಸ್ಟೇಷನ್ನು ಬ್ರಿಟಿಷ್ ಆಡಳಿತವು ಅಲ್ಲಿಗೆಂದೇ ಜಾರಿಗೊಳಿಸಿದ್ದ ಕಾನೂನುಗಳಿಗೆ ಒಳಪಟ್ಟಿತ್ತು. ಒಂದೇ ರಾತ್ರಿಯಲ್ಲಿ ಅವನ್ನೆಲ್ಲ ರದ್ದುಪಡಿಸಿದ್ದರೆ ಕಂದಾಯ ವಸೂಲಿಗಾಗಲಿ, ಅಂಗಡಿಯ ಪರವಾನಗಿಗಾಗಲಿ ಆಧಾರವೇ ಇರುತ್ತಿರಲಿಲ್ಲ. ಆದ್ದರಿಂದ 1947ರಲ್ಲಿ ಸಂಕ್ರಮಣಕಾಲದ ಉಪಬಂಧಗಳ ಕಾಯಿದೆಯೊಂದನ್ನು ಮಾಡಿ ಹಳೆಯ ಕಾನೂನುಗಳನ್ನು ಮುಂದುವರಿಸಲಾಯಿತು. 1948ರಲ್ಲಿ ಇನ್ನೊಂದು ಕಾಯಿದೆಯ ಮೂಲಕ ಮೈಸೂರಿನ ಕಾನೂನುಗಳನ್ನು ಅಲ್ಲಿಗೆ ಅನ್ವಯಿಸಲಾಯಿತು. ಹೀಗೆ ಎರಡು ವರ್ಷ ನಾಲ್ಕು ತಿಂಗಳಿಗೂ ಮಿಗಿಲಾದ ಕಾಲ ಒಂದೇ ಸರ್ಕಾರದ ಅಡಿಯಲ್ಲಿ, ಒಂದೇ ನಗರದಲ್ಲಿ, ಎರಡು ಪೌರಸಭೆಗಳು ಜೊತೆಜೊತೆಗೆ ಕೆಲಸ ಮಾಡಿದವು. ಇದೇ ಅವಧಿಯಲ್ಲಿ ಮೈಸೂರು ಚಲೋ ಚಳವಳಿ ನಡೆದು 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತೆಂಬುದನ್ನೂ ನೆನೆಯಬೇಕು. ಜವಾಬ್ದಾರಿ ಸರ್ಕಾರದ ಸ್ಥಾಪನೆಯ ಗದ್ದಲದಲ್ಲಿ ಪೌರಸಭೆಗಳ ವಿಲೀನವು ಹಿಂದೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

1949ರ 69ನೆಯ ಕಾಯಿದೆಯಾದ ಬೆಂಗಳೂರು ನಗರ ಕಾರ್ಪೊರೇಷನ್ ಕಾಯಿದೆಯು ಈ ದ್ವಂದ್ವವನ್ನು ಕೊನೆಗಾಣಿಸಿತು. 1949ರ ಡಿಸೆಂಬರಿನಲ್ಲಿ ಕಾರ್ಪೊರೇಷನ್ ಅಸ್ತಿತ್ವಕ್ಕೆ ಬಂದಿತು. 50 ಚುನಾವಣಾ ವಿಭಾಗಗಳು, 70 ಸದಸ್ಯರು, ನಗರಕ್ಕೆ ಮೊದಲ ಬಾರಿಗೆ ಮೇಯರ್ ಪದವಿ – ಇವು ಹೊಸ ವ್ಯವಸ್ಥೆಯ ಮುಖ್ಯಾಂಶಗಳು. 1926ರಿಂದ ಕಾರ್ಯನಿರ್ವಾಹಕ ಅಧಿಕಾರ ಹೊಂದಿದ್ದ ಕಮಿಷನರ್ ಹುದ್ದೆಯು ಹೊಸ ಕಾಯಿದೆಯಲ್ಲಿಯೂ ಉಳಿಯಿತು. ಮೇಯರಿಗೆ ಗೌರವ, ಕಮಿಷನರರಿಗೆ ಕಡತ ಎಂಬ ಹಂಚಿಕೆಯ ಬೇರು ಇಲ್ಲಿಯೇ ಇದೆ. ಮೊದಲ ಚುನಾವಣೆ 1950ರಲ್ಲಿ ನಡೆಯಿತು. ಕಾಯಿದೆಯ ಜಾರಿಗೂ ಚುನಾವಣೆಗೂ ಇದ್ದ ಅಂತರ ಸುಮಾರು ಒಂದು ವರ್ಷದೊಳಗಿನದು. ಮುಂದಿನ ಅನುಭವದೊಡನೆ ಹೋಲಿಸಲು ಈ ಅಳತೆ ಉಪಯುಕ್ತವಾದುದು.

ಈ ಕಾರ್ಪೊರೇಷನ್ನಿಗೆ ದೊರೆತ ನಗರವಾದರೂ ಎಂಥದು? 1941ರ ಜನಗಣತಿಯಲ್ಲಿ ದಂಡು ಹಾಗೂ ಪೇಟೆಗಳ ಒಟ್ಟು ಜನಸಂಖ್ಯೆ ಸುಮಾರು 4 ಲಕ್ಷವಿದ್ದುದು 1951ರ ವೇಳೆಗೆ 7.8 ಲಕ್ಷದ ಸಮೀಪಕ್ಕೆ ಏರಿತ್ತು. ಎರಡು ಕಚೇರಿಗಳ ವಹಿಗಳನ್ನು ಒಂದಾಗಿಸಬೇಕಾದ ಸಮಯದಲ್ಲಿಯೇ ವಹಿಗೆ ಸೇರಬೇಕಾದ ಮನೆಗಳ ಸಂಖ್ಯೆಯೂ ಹೆಚ್ಚುತ್ತಿತ್ತು. ಇದರ ಜೊತೆಗೆ, ವಿಲೀನವಾದದ್ದೆಲ್ಲವೂ ಕಾರ್ಪೊರೇಷನ್ನಿನ ಕೈಗೆ ಬರಲಿಲ್ಲ. ಹಲಸೂರಿನ ಸುತ್ತಲಿನ ಸೇನಾಭೂಮಿ ರಕ್ಷಣಾ ಇಲಾಖೆಯಲ್ಲಿಯೇ ಉಳಿಯಿತು. ಮದರಾಸು ಸ್ಯಾಪರ್ಸ್ ಪಡೆಯ ಕೇಂದ್ರ ಇಂದಿಗೂ ಅಲ್ಲಿದೆ. ಹೊಸ ಬಡಾವಣೆಗಳ ನಿರ್ಮಾಣವು 1945ರಲ್ಲಿ ಸ್ಥಾಪಿತವಾಗಿದ್ದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕೆಲಸವಾಗಿತ್ತು. 1964ರಲ್ಲಿ ನೀರು ಮತ್ತು ಒಳಚರಂಡಿಗಳೂ ಪ್ರತ್ಯೇಕ ಮಂಡಳಿಗೆ ಹೋದವು. ಹಲಸೂರಿನ ಪೂರ್ವಕ್ಕೆ 1970ರ ದಶಕದಲ್ಲಿ ರೂಪುಗೊಂಡ ಇಂದಿರಾನಗರವು ಇದಕ್ಕೆ ನಿದರ್ಶನ. ಆ ಬಡಾವಣೆಯನ್ನು ವಿನ್ಯಾಸಗೊಳಿಸಿದ್ದು ಕಾರ್ಪೊರೇಷನ್ ಅಲ್ಲ.

ಹೆಸರುಗಳ ಮಟ್ಟಿಗೆ ವಿಲೀನವು ಸುಲಭವಾಗಿತ್ತೆನ್ನಬೇಕು. ಬ್ಲ್ಯಾಕ್‌ಪಲ್ಲಿಯು ಶಿವಾಜಿನಗರವಾಯಿತು. ಆದರೆ ಸ್ಟೇಷನ್ನಿನ ಪೌರಾಡಳಿತದ ಅಧಿಕಾರಿಯೊಬ್ಬರ ಹೆಸರನ್ನು ಹೊತ್ತ ರಸೆಲ್ ಮಾರುಕಟ್ಟೆ ಹಾಗೆಯೇ ಉಳಿಯಿತು. ಹಿರಿಯರ ಮಾತಿನಲ್ಲಿ ‘ದಂಡು’ ಎಂಬ ಪದವೂ ಉಳಿಯಿತು.

1949ರ ಕಾಯಿದೆಯ ಸ್ಥಾನದಲ್ಲಿ 1976ರ ಕರ್ನಾಟಕ ಪೌರನಿಗಮಗಳ ಕಾಯಿದೆಯು 1977ರ ಜೂನ್ 1ರಿಂದ ಜಾರಿಗೆ ಬಂದಿತು. ಬೆಂಗಳೂರಿನದೇ ಆಗಿದ್ದ ಕಾಯಿದೆಯೊಂದು ಹೋಗಿ ರಾಜ್ಯದ ಎಲ್ಲ ನಗರಗಳಿಗೆ ಸಮಾನವಾದ ಕಾಯಿದೆ ಬಂದಿತಷ್ಟೆ. ದಂಡುಪ್ರದೇಶದ ನಿವಾಸಿಗೆ ವ್ಯತ್ಯಾಸವೇನೂ ಎದ್ದುಕಾಣಲಿಲ್ಲ.

ನಿಜವಾದ ಪಲ್ಲಟವು ಕೃಷ್ಣರಾಜಪುರದ ಪಾಲಿಗೆ 2007ರಲ್ಲಿ ಒದಗಿತು. ಆ ವರ್ಷದ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಕೃಷ್ಣರಾಜಪುರ, ಮಹದೇವಪುರ ಸೇರಿ 7 ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಗ್ರಾಮಗಳನ್ನು ಮಹಾನಗರಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಪಾಲಿಕೆಯ ಹಿಂದಿನ ಸಭೆಯ ಅವಧಿ 2006ರ ನವೆಂಬರಿನಲ್ಲಿ ಮುಗಿದಿತ್ತು. 198 ವಾರ್ಡುಗಳಿಗೆ ಚುನಾವಣೆ ನಡೆದುದು 2010ರ ಮಾರ್ಚ್ 28ರಂದು. 1950ರಲ್ಲಿ ಒಂದು ವರ್ಷದೊಳಗೆ ಆದ ಕಾರ್ಯಕ್ಕೆ ಈ ಬಾರಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ತೆರಿಗೆ ವಸೂಲಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಕಂದಾಯ ಭೂಮಿಯಲ್ಲಿ ಎದ್ದ ಮನೆಗಳಿಗೆ ‘ಬಿ’ ವಹಿಯಲ್ಲಿ ದಾಖಲೆ ದೊರೆಯಿತು: ತೆರಿಗೆ ಪಡೆಯಲು ಸಾಕಾಗುವ, ಹಕ್ಕನ್ನು ಪೂರ್ತಿ ಒಪ್ಪಿಕೊಳ್ಳದ ದಾಖಲೆ. 110 ಗ್ರಾಮಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ನೀರಿನ ಯೋಜನೆ ಉದ್ಘಾಟನೆಗೊಂಡುದು 2024ರಲ್ಲಿ. 1881ರ ಇಬ್ಬಗೆಯು ಎರಡು ಸರ್ಕಾರಗಳ ನಡುವಿನದಾಗಿದ್ದರೆ, ಈ ಇಬ್ಬಗೆಯು ಒಂದೇ ಪಾಲಿಕೆಯ ವಹಿಗಳ ನಡುವಿನದು.

2015ರಲ್ಲಿ ಚುನಾಯಿತವಾದ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ನಗರವು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಬೆಂಗಳೂರಿಗೆ ಪ್ರತ್ಯೇಕವಾಗಿ ಮಾಡಿದ 2020ರ ಕಾಯಿದೆಯು 2021ರ ಜನವರಿಯಲ್ಲಿ ಜಾರಿಗೆ ಬಂದಿತು. ಆದರೆ ಆ ಕಾಯಿದೆಯ ಅಡಿಯಲ್ಲಿ ಒಂದು ಚುನಾವಣೆಯೂ ನಡೆಯಲಿಲ್ಲ. ಅದರ ಸ್ಥಾನಕ್ಕೆ 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಬಂದಿತು. 2025ರ ಸೆಪ್ಟೆಂಬರ್ 2ರಂದು ಐದು ನಗರಪಾಲಿಕೆಗಳು ರಚನೆಯಾದಾಗ, ಶಿವಾಜಿನಗರವು ಚಿಕ್ಕಪೇಟೆ, ಚಾಮರಾಜಪೇಟೆಗಳೊಡನೆ ಕೇಂದ್ರ ನಗರಪಾಲಿಕೆಗೆ ಸೇರಿತು. 1949ರಲ್ಲಿ ಕೂಡಿದ ದಂಡು–ಪೇಟೆಗಳ ಹಳೆಯ ತಿರುಳು ಹೀಗೆ ಬಹುಮಟ್ಟಿಗೆ ಒಟ್ಟಿಗೆ ಉಳಿದುಕೊಂಡಿತು. 2007ರಲ್ಲಿ ಕೂಡಿದ ಕೃಷ್ಣರಾಜಪುರವು ಮಹದೇವಪುರದೊಡನೆ ಪೂರ್ವ ನಗರಪಾಲಿಕೆಯಾಗಿ ಬೇರ್ಪಟ್ಟಿತು. ತನ್ನ ‘ಬಿ’ ವಹಿಗಳನ್ನೂ ಅದು ಜೊತೆಗೆ ಕೊಂಡೊಯ್ದಿತು.