ಹೊಲದ ಗದ್ದುಗೆಗಳೂ ಹೊಸ ಪ್ಲಾಟುಗಳೂ



ನಮ್ಮ ರಾಣೆಬೆನ್ನೂರು ಸೀಮೆಯ ಒಕ್ಕಲು ಮನೆತನಗಳ ಇತಿಹಾಸವನ್ನು ಬರೆದಿಟ್ಟವರು ಕಡಿಮೆ. ಅದು ಉಳಿದಿರುವುದು ಹೊಲದ ಬದುವಿನ ಗದ್ದುಗೆಗಳಲ್ಲಿ. ಲಿಂಗಾಯತರಲ್ಲಿ ಶವವನ್ನು ಸುಡುವ ರೂಢಿಯಿಲ್ಲ. ಕುಣಿಯಲ್ಲಿ ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಪತ್ರೆಗಳೊಡನೆ ಮಣ್ಣು ಮಾಡುತ್ತಾರೆ. ಹೊಲವುಳ್ಳವರು ಇದಕ್ಕೆ ಹೆಚ್ಚಾಗಿ ಸ್ವಂತ ಹೊಲವನ್ನೇ ಆರಿಸಿಕೊಂಡರು. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೋದಾಗ ನಮ್ಮ ಮನೆಯವರು ಹಿರಿಯರಿಗೂ ಒಂದು ಎಡೆ ಇಡುತ್ತಿದ್ದರು.

ಧಾರವಾಡ ಪ್ರಾಂತದ ನೆಲ ಬ್ರಿಟಿಷರ ಮುಂಬಯಿ ಸರ್ವೆಗೆ ಒಳಪಟ್ಟದ್ದು 1840ರ ದಶಕದಲ್ಲಿ. ಹೊಲಕ್ಕೆ ಸರ್ವೆ ನಂಬರು ಬಂತು, ಮೂಲೆಗೆ ಬಾಂದುಕಲ್ಲು ಬಂತು. ಆ ಲೆಕ್ಕ ಹುಟ್ಟಿದ್ದು ಕಂದಾಯಕ್ಕಾಗಿ. ಅಜ್ಜನ ಗದ್ದುಗೆಯನ್ನು ಗುರುತಿಸುವುದು ಅದರ ಕೆಲಸವಾಗಿರಲಿಲ್ಲ. ಮುಂದೆ 1966ರ ಭೂಕಂದಾಯ ನಿಯಮಗಳು ಸ್ಮಶಾನಗಳನ್ನು ‘ಬ’ ಖರಾಬಿಗೆ ಸೇರಿಸಿದವು. ಆದರೆ ಒಂದು ಮನೆತನದ ಎರಡು ಗದ್ದುಗೆಗಳು ಉತಾರದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿದಾಗ, ಕಾಗದದಲ್ಲಿ ಇದ್ದದ್ದು ಏರಿತು, ಇಲ್ಲದ್ದು ಹೊರಗುಳಿಯಿತು.

ಊರು ಬೆಳೆದು ಹೊಲದ ಅಂಚಿಗೆ ಬಂದಾಗ ಈ ಮೌನ ತೊಡಕಾಗುತ್ತದೆ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಮಾಡಿಸಿ, ಹೊಲವನ್ನು ಪ್ಲಾಟುಗಳಾಗಿ ಹಂಚುತ್ತಾರೆ. ಒಂದು ಗುಂಟೆಗೆ 1,089 ಚದರಡಿ. 30×40ರ ನಿವೇಶನಕ್ಕೆ 1,200. ಎಂದರೆ ಕಟ್ಟೆ, ಸುತ್ತಲಿನ ಜಾಗ ಸೇರಿ ಒಂದೆರಡು ಗದ್ದುಗೆಗಳನ್ನು ಉಳಿಸಿಕೊಂಡರೆ ಹೆಚ್ಚುಕಡಿಮೆ ಒಂದು ಮನೆಯ ಜಾಗ ಬಿಟ್ಟಂತೆ. ಜಗಳ ಹುಟ್ಟುವುದು ಅಲ್ಲಿಯೇ.

ನಮ್ಮ ದಾಯಾದಿಗಳಲ್ಲಿಯೂ ಈಗ ಇದೇ ಮಾತು ನಡೆದಿದೆ. ಮಕ್ಕಳ ಓದಿಗೆ ಹಣ ಬೇಕೆನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಇದ್ದವರ ಬದುಕಿಗೆ ನೆಲ ಒದಗಬೇಕು. ಮನೆ ಕಟ್ಟುವವನೂ ಪರಕೀಯನಲ್ಲ. ಆಯುಷ್ಯದ ಗಳಿಕೆಯನ್ನು ಆತ ಬುನಾದಿಗೆ ಸುರಿಯುತ್ತಾನೆ. ಬುನಾದಿ ತೋಡುವಾಗ ಅಸ್ಥಿ ಕಂಡರೆ ಆತನ ನೆಮ್ಮದಿಯೂ ಹೋಯಿತು, ನಮ್ಮ ಮರ್ಯಾದೆಯೂ ಹೋಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮು ಸಮಾಧಿಸ್ಥಳದ ಅತಿಕ್ರಮಣವನ್ನು ಅಪರಾಧವೆನ್ನುತ್ತದೆ, ನಿಜ. ಆದರೆ ಮನಸ್ಸು ನೋಯಿಸುವ ಉದ್ದೇಶ ಅಥವಾ ಅರಿವು ಅದಕ್ಕೆ ಬೇಕು. ಗದ್ದುಗೆ ಇರುವುದನ್ನೇ ಅರಿಯದೆ ಕೊಂಡವನ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ.

ಆದುದರಿಂದ ಹೊಣೆ ಮಾರುವವರದು. ಭಾಗಶಃ ಮಾರುವುದಾದರೆ 11-ಇ ನಕ್ಷೆ ಮಾಡಿಸುವಾಗಲೇ ಗದ್ದುಗೆಯ ಜಾಗವನ್ನು ನಮ್ಮ ಪಾಲಿಗೆ ಬಿಡಿಸಿಕೊಳ್ಳಬೇಕು. ಅಲ್ಲಿಗೆ ಹೋಗುವ ಕಾಲುದಾರಿಯನ್ನು ಖರೀದಿಪತ್ರದಲ್ಲಿ ಕಾಣಿಸಬೇಕು. ಬಾಯಿಮಾತು ಒಂದು ತಲೆಮಾರಿಗೆ ಮಾತ್ರ ಸಾಲುತ್ತದೆ.

ನಿಮ್ಮಲ್ಲಿ ಹೊಲವುಳ್ಳವರು ಮುಂದಿನ ಶೀಗಿ ಹುಣ್ಣಿಮೆಗೆ ಹೋದಾಗ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಯಾವ ಗದ್ದುಗೆ ಯಾರದು, ಯಾವ ಬಾಂದುಕಲ್ಲಿನಿಂದ ಎಷ್ಟು ಹೆಜ್ಜೆ ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.